ಹರಿಗೋಲು ನಡೆಸುವ ವಿದ್ಯೆ

ಹೊಸಪೇಟೆಯನ್ನು ಹಿಂದಿಟ್ಟು ಹಂಪೆಯ ಕಲ್ಲುಗುಡ್ಡಗಳ ನಡುವೆ ಹೊಕ್ಕೊಡನೆಯೇ ತುಂಗಭದ್ರೆಯ ಸ್ವಭಾವ ಬೇರೆಯಾಗುತ್ತದೆ. ಹೆಬ್ಬಂಡೆಗಳಿಗೆ ಸಿಲುಕಿ ಹಲವು ಕವಲುಗಳಾಗಿ ಒಡೆದ ನದಿಯು, ಒಂದೆಡೆ ಮೊಣಕಾಲುದ್ದವೂ ಇಲ್ಲದಂತೆ ಹಾಸುಗಲ್ಲಿನ ಮೇಲೆ ತೆಳ್ಳಗೆ ಹರಡಿ, ಮಾರು ದೂರದಲ್ಲಿಯೇ ಕಣ್ಣಿಗೆ ತಳ ತೋರದ ಮಡುವಾಗಿ ನಿಲ್ಲುತ್ತದೆ. ಆಳವಾದ ತಳವುಳ್ಳ ಮರದ ದೋಣಿಗೆ ಈ ನೀರಿನಲ್ಲಿ ಗತಿಯಿಲ್ಲ. ತಳವಾರಘಟ್ಟದಿಂದ ಆನೆಗೊಂದಿಗೆ ಶತಮಾನಗಳ ಪರ್ಯಂತ ಜನರನ್ನು ದಾಟಿಸಿದುದು ಗುಂಡನೆಯ ಹರಿಗೋಲು.

ಕೃಷ್ಣದೇವರಾಯನ ಆಳ್ವಿಕೆಯಲ್ಲಿ, 1520ರ ಸುಮಾರಿಗೆ, ವಿಜಯನಗರವನ್ನು ಕಂಡ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪೇಸ್ ಇದನ್ನು ಬುಟ್ಟಿಯಂತಹ ದೋಣಿಯೆಂದು ಬಣ್ಣಿಸಿ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನರನ್ನು ಹೊರುವ ಶಕ್ತಿ, ಅಗತ್ಯ ಬಿದ್ದರೆ ಕುದುರೆ ಎತ್ತುಗಳಿಗೂ ಎಡೆ ಎಂಬುದನ್ನೆಲ್ಲ ಬರೆದಿಟ್ಟಿದ್ದಾನೆ. ಅದು ನೆಟ್ಟಗೆ ಸಾಗದೆ ಸದಾ ತಿರುಗುತ್ತಿರುವುದೂ ಅವನ ಕಣ್ಣಿಗೆ ಬಿದ್ದಿತು. ಇಂದು ಬಿದಿರ ದಬ್ಬೆಯ ಹೆಣಿಗೆ ಹಾಗೆಯೇ ಉಳಿದು, ಚರ್ಮದ ಸ್ಥಾನಕ್ಕೆ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಚರ್ಮವನ್ನು ಆಗಾಗ ಒಣಗಿಸದಿದ್ದರೆ ಕೊಳೆಯುತ್ತಿದ್ದುದರಿಂದ ಈ ಬದಲಾವಣೆಗೆ ಮರುಗಬೇಕಾದ ಕಾರಣವೇನೂ ನನಗೆ ತೋರದು.

ತಳ ಚಪ್ಪಟೆಯಾದುದರಿಂದ ಹರಿಗೋಲು ನೀರಿನಲ್ಲಿ ಹೆಚ್ಚು ಮುಳುಗುವುದಿಲ್ಲ. ಹೆಣಿಗೆ ಬಳುಕುವುದರಿಂದ ಬಂಡೆಗೆ ತಾಗಿದರೂ ಒಡೆಯದೆ ಜಾರಿ ಮುಂದಕ್ಕೆ ಸರಿಯುತ್ತದೆ. ಆದರೆ ಇದಕ್ಕೆ ಮೂತಿಯಿಲ್ಲ, ಚುಕ್ಕಾಣಿಯಿಲ್ಲ. ಒಂದೇ ಬದಿಗೆ ಹುಟ್ಟು ಹಾಕಿದರೆ ನಿಂತಲ್ಲೇ ಸುತ್ತುತ್ತದೆ. ಆದ್ದರಿಂದ ಅಂಬಿಗನು ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ಕುಳಿತು, ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನೆಡೆಗೆ ಎಳೆದುಕೊಳ್ಳುತ್ತಾನೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಒಂದು ಎಳೆತ ಹುಟ್ಟಿಸಿದ ತಿರುವನ್ನು ಮತ್ತೊಂದರಿಂದ ಅಳಿಸುತ್ತ.

ಕೈಚಳಕಕ್ಕಿಂತಲೂ ದೊಡ್ಡದು ಅವನ ಕಣ್ಣಿನ ಪಾಂಡಿತ್ಯ. ಎರಡು ಬಂಡೆಗಳ ನಡುವೆ ನೀರು ನುಣುಪಾಗಿ, ಕೆಳಗಡೆಗೆ ಚೂಪಾಗುತ್ತ ಜಾರಿದರೆ ಅಲ್ಲಿ ದಾರಿಯುಂಟು; ನೀರಿನ ಮೇಲ್ಮೈ ಸಣ್ಣಗೆ ಉಬ್ಬಿ, ಅದರ ಬೆನ್ನಿಗೇ ನೊರೆ ಕುದಿಯುತ್ತಿದ್ದರೆ ಅಡಿಯಲ್ಲಿ ಕಲ್ಲು ಅಡಗಿದೆ. ದೊಡ್ಡ ಬಂಡೆಯ ಮರೆಯಲ್ಲಿ ಪ್ರವಾಹ ತಿರುಗಿ ಮೇಲ್ಮುಖವಾಗಿ ಹರಿಯುವ ಎಡೆಯೊಂದಿರುತ್ತದೆ. ಸೆಳವಿನೊಡನೆ ಸೆಣಸಿ ದಣಿದ ತೋಳಿಗೆ ಅಲ್ಲಿ ಕ್ಷಣಕಾಲದ ವಿಶ್ರಾಂತಿ. ಎದುರುದಡದಲ್ಲಿ ಇಳಿಯಬೇಕಾದ ತಾಣಕ್ಕೆ ನೇರವಾಗಿ ಗುರಿಯಿಟ್ಟವನು ಅದರ ಕೆಳಗೆಲ್ಲೋ ಹೋಗಿ ಬೀಳುವನಾದುದರಿಂದ, ಬಲ್ಲವನು ಮೊದಲೇ ಅಷ್ಟು ಮೇಲಕ್ಕೆ ಸಾಗಿ, ಆ ಬಳಿಕವೇ ಹರಿಗೋಲನ್ನು ಸೆಳವಿಗೆ ಒಪ್ಪಿಸುತ್ತಾನೆ. ನೀರು ತೀರ ತೆಳುವಾದಲ್ಲಿ ಕೆಳಗಿಳಿದು ನೂಕುವುದಕ್ಕೂ ಅವನು ಸಿದ್ಧ.

1953ರಲ್ಲಿ ಮೇಲುಭಾಗದ ಅಣೆಕಟ್ಟೆ ಮುಗಿದಂದಿನಿಂದ ಹೊಳೆಯ ಏರಿಳಿತಕ್ಕೆ ಮಳೆಯೊಂದೇ ಕಾರಣವಲ್ಲ. ತೂಬು ತೆರೆದ ದಿನ ನಿನ್ನೆಯ ದಾರಿಯೆಲ್ಲ ನೀರಡಿಯಾಗುತ್ತದೆ, ಸಂಚಾರವೂ ನಿಲ್ಲುತ್ತದೆ. ಸೇತುವೆ ಬಂದ ಮೇಲೆ ಕಡವಿನ ಗಿರಾಕಿಗಳು ಬಹುಮಟ್ಟಿಗೆ ಪ್ರವಾಸಿಗಳೇ. ಅವರ ವಿನೋದಕ್ಕಾಗಿ ಅಂಬಿಗನು ಹರಿಗೋಲನ್ನು ಗಿರಗಿರನೆ ತಿರುಗಿಸಿ ತೋರಿಸುವುದುಂಟು, ಮಕ್ಕಳು ಕೇಕೆ ಹಾಕುವುದೂ ಉಂಟು. ತಿರುಗಿಸುವುದು ಯಾರಿಗಾದರೂ ಬಂದೀತು. ಅಲ್ಲಿಗೆ ಹೋದವರು ನೆಟ್ಟಗೆ ನಡೆಸೆಂದು ಕೇಳಿ, ಅವನ ಹುಟ್ಟನ್ನು ನೋಡುತ್ತ ಕುಳಿತರೆ ಕೊಟ್ಟ ಹಣ ಸಾರ್ಥಕ.