ಬೆಂಕಿಯ ಕರೆಗೆ ಕಿವಿಗೊಡುವ ಪೇಜರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಪರದೇಶದಲ್ಲಿನ ನನ್ನ ಕೆಲಸದ ಕುರಿತು ಬರೆಯಬೇಕೆಂದು ಸಂಪಾದಕ ಮಿತ್ರರು ಅಪೇಕ್ಷಿಸಿದ್ದಾರೆ. ಹೊಟ್ಟೆಪಾಡಿನ ಉದ್ಯೋಗದಲ್ಲಿ ಹೇಳುವಂಥದ್ದೇನೂ ಇಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸಣ್ಣ ಊರೊಂದರಲ್ಲಿ ಸ್ವಯಂಸೇವಕ ಅಗ್ನಿಶಾಮಕನಾಗಿ ನಾನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪುಟ್ಟ ಯಂತ್ರವೊಂದರ ವಿಚಾರವನ್ನು ಇಲ್ಲಿ ನಿವೇದಿಸುತ್ತೇನೆ.

ಆ ದೇಶದ ಅಗ್ನಿಶಾಮಕರಲ್ಲಿ ಹೆಚ್ಚಿನವರು ಸ್ವಯಂಸೇವಕರೆಂದರೆ ನಮ್ಮವರಿಗೆ ಅಚ್ಚರಿಯಾದೀತು. ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಕಟ್ಟಿದ ಯೂನಿಯನ್ ಫೈರ್ ಕಂಪೆನಿ ಇಂತಹದೇ ಒಂದು ದಳ. ರೈತ, ಅಂಗಡಿಕಾರ, ಉಪಾಧ್ಯಾಯ, ಎಲ್ಲರೂ ಅವರವರ ಕೆಲಸದಲ್ಲಿ ಅಲ್ಲಲ್ಲಿ ಚದುರಿರುತ್ತಾರೆ. 911ಕ್ಕೆ ಬಂದ ಮೊರೆಯನ್ನು ಅವರೆಲ್ಲರಿಗೂ ಏಕಕಾಲಕ್ಕೆ ಮುಟ್ಟಿಸುವುದು ಪೇಜರು.

1990ರ ದಶಕದಲ್ಲಿ ನಮ್ಮ ನಗರಗಳಲ್ಲಿ ಕಾಣಿಸಿಕೊಂಡ, ಅಂಕೆ ತೋರಿಸುವ ಪೇಜರಿನಂಥದ್ದಲ್ಲ ಇದು. ಇದು ಮಾತನಾಡುತ್ತದೆ, ವಾಸ್ತವವಾಗಿ ಒಂದು ರೇಡಿಯೋ. ಹಲವು ಊರುಗಳ ದಳಗಳಿಗೆ ಒಂದೇ ತರಂಗಾಂತರ. ಪ್ರತಿಯೊಂದು ಕರೆಗೂ ಎಲ್ಲರ ಪೇಜರುಗಳೂ ಕಿರುಚಿದರೆ ಮೂರೇ ದಿನದಲ್ಲಿ ಜನ ಅದನ್ನು ಆರಿಸಿ ಮೂಲೆಗಿಟ್ಟಾರು. ಆದುದರಿಂದ ಪ್ರತಿ ದಳಕ್ಕೂ ಎರಡು ಸ್ವರಗಳ ಗುರುತು. ಹಾರ್ಮೋನಿಯಂನ ಒಂದು ಮನೆಯನ್ನು ಒಂದು ಸೆಕೆಂಡು ಒತ್ತಿ, ಬಳಿಕ ಬೇರೊಂದನ್ನು ಮೂರು ಸೆಕೆಂಡು ಹಿಡಿದಂತೆ: ಉದಾಹರಣೆಗೆ ಮೊದಲು 349.0 ಹರ್ಟ್ಸ್, ನಂತರ 433.7 ಹರ್ಟ್ಸ್. ಆ ಜೋಡಿ ಅದೇ ಅನುಕ್ರಮದಲ್ಲಿ ಬಂದಾಗ ಮಾತ್ರ ಪೇಜರು ಎಚ್ಚೆತ್ತು ಕೂಗಿ, ಅನಂತರ ಕೇಂದ್ರದವರ ಮಾತನ್ನು ಕೇಳಿಸುತ್ತದೆ. ಹಿಂದಿನ ಕಾಲದ ಪೇಜರುಗಳಲ್ಲಿ ನಿಜಕ್ಕೂ ಲೋಹದ ರೀಡುಗಳೇ ಇದ್ದವು. ತನ್ನ ಶ್ರುತಿ ಬಂದಾಗ ಮಾತ್ರ ಪ್ರತಿಯೊಂದೂ ಕಂಪಿಸುತ್ತಿತ್ತು.

ಎರಡೇ ಸ್ವರ ಸಾಕೇ ಎಂದು ಕೇಳಬಹುದು. ಹತ್ತು ಸ್ವರಗಳಿದ್ದರೆ, ಹಿಂದುಮುಂದನ್ನು ಬೇರೆಬೇರೆಯಾಗಿ ಎಣಿಸಿ, 90 ಜೋಡಿಗಳು ದೊರೆಯುತ್ತವೆ. ನಮ್ಮ ಗಣಿತದ ಮೇಷ್ಟ್ರಿದ್ದಿದ್ದರೆ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿಸದೆ ಬಿಡುತ್ತಿರಲಿಲ್ಲ! ಇನ್ನೊಂದು ಲಾಭವೂ ಉಂಟು. ಆಡುಮಾತಿನ ಧ್ವನಿ ಒಂದೇ ಶ್ರುತಿಯಲ್ಲಿ ಅಷ್ಟು ಹೊತ್ತು ನಿಲ್ಲುವುದಿಲ್ಲವಾದ್ದರಿಂದ, ಬರಿಯ ಮಾತಿಗೆ ಪೇಜರು ಮೋಸಹೋಗುವ ಸಂಭವ ತೀರ ಕಡಿಮೆ.

ಹೊಸ ಪೇಜರನ್ನು ಸಜ್ಜುಗೊಳಿಸುವಾಗ ಕೇಂದ್ರದಿಂದ ತರಂಗಾಂತರ, ಎರಡೂ ಸ್ವರಗಳು, ಅವುಗಳ ಅವಧಿ, ಇಷ್ಟನ್ನು ಬರಹದಲ್ಲಿಯೇ ಪಡೆಯಬೇಕು. ಕಿವಿಯಿಂದ ಅಂದಾಜು ಮಾಡುವುದು ಸಲ್ಲದು, 349.0ರ ಪಕ್ಕದಲ್ಲಿಯೇ 368.5 ಇದೆ. ಪ್ರಸಾರದೊಡನೆ ತಗ್ಗಿನ ಸಂಕೇತಸ್ವರವೊಂದಿದ್ದರೆ ಅದನ್ನೂ ಕೇಳಿಕೊಳ್ಳಬೇಕು. ಅದನ್ನು ತಪ್ಪಾಗಿ ನಮೂದಿಸಿದರೆ ಉಳಿದುದೆಲ್ಲ ಸರಿಯಿದ್ದರೂ ಪೇಜರು ಮೂಕವಾಗುತ್ತದೆ. ಈ ವಿವರಗಳನ್ನು ಗಣಕಯಂತ್ರದ ಮೂಲಕ ಪೇಜರಿಗೆ ತುಂಬುತ್ತಾರೆ. ಹಳೆಯ ಪೇಜರನ್ನು ಅಗ್ಗಕ್ಕೆ ಕೊಳ್ಳುವವರು ಒಂದು ಸಂಗತಿಯನ್ನು ಗಮನಿಸಬೇಕು: 2013ರ ಜನವರಿ 1ರಿಂದ ಅಲ್ಲಿ ಇಂತಹ ರೇಡಿಯೋ ಮಾರ್ಗಗಳ ಅಗಲವನ್ನು 25 ಕಿಲೋಹರ್ಟ್ಸ್‌ನಿಂದ 12.5ಕ್ಕೆ ಇಳಿಸಲಾಯಿತು. ಅದಕ್ಕಿಂತ ಹಿಂದಿನ ಯಂತ್ರದಲ್ಲಿ ಮಾತು ಕ್ಷೀಣವಾಗಿ ಕೇಳುತ್ತದೆ.

ತುಂಬಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನಮ್ಮಲ್ಲಿ ವಾರಕ್ಕೊಮ್ಮೆ ಪರೀಕ್ಷಾ ಸ್ವರ ಬಿಡುತ್ತಾರೆ. ಆ ಹೊತ್ತಿಗೆ ಪೇಜರನ್ನು ದಳದ ಕಚೇರಿಯಲ್ಲಿ ಇಡದೆ, ರಾತ್ರಿ ಮಲಗುವ ಕೋಣೆಯಲ್ಲಿ ಇಟ್ಟು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮನೆಯ ನೆಲಮಾಳಿಗೆ, ತಗಡಿನ ಗೋದಾಮು ಇವುಗಳೊಳಗೆ ತರಂಗಗಳು ಸೋಲುತ್ತವೆ. ಅಲ್ಲಿ ಕೇಳಿಸದ ಒಂದು ಕರೆಯೆಂದರೆ ಉರಿಯುವ ಮನೆಯ ಮುಂದೆ ಒಬ್ಬ ಆಳು ಕಡಿಮೆ.

ಈಗ ಮೊಬೈಲ್ ಫೋನಿಗೂ ಸೂಚನೆ ಬರುತ್ತದೆ, ಪೇಜರು ಇನ್ನೇಕೆ ಎಂದು ಊರಿಗೆ ಬಂದಾಗಲೆಲ್ಲ ಕೇಳುವವರಿದ್ದಾರೆ. ಬಿರುಗಾಳಿಗೆ ಮೊಬೈಲ್ ಗೋಪುರ ಕೆಟ್ಟರೂ ಪೇಜರಿಗೆ ಅದರ ಹಂಗಿಲ್ಲ. ಕೇಂದ್ರದ ರೇಡಿಯೋ ನಡೆಯುತ್ತಿದ್ದರೆ ಸಾಕು. ಹೀಗಾಗಿ ನಮ್ಮ ದಳದವರು ಎರಡನ್ನೂ ಇಟ್ಟುಕೊಂಡಿದ್ದೇವೆ. ರಾತ್ರಿ ಚಾರ್ಜರಿನ ಪೀಠದಲ್ಲಿ ಪೇಜರನ್ನು ಕೂರಿಸಿ, ಪೀಠಕ್ಕೆ ಆಂಟೆನಾ ಜೋಡಿಸಿ, ಧ್ವನಿಯನ್ನು ಪೂರ್ತಿ ಏರಿಸಿಯೇ ಮಲಗುವುದು.