ಮೊಜಾರ್ಟ್ ಸಂಗೀತ ಕೇಳಿಸಿದರೆ ಮಗುವಿನ ಬುದ್ಧಿ ಹೆಚ್ಚುತ್ತದೆಯೇ?

‘ಮಗುವಿಗೆ ಮೊಜಾರ್ಟ್ ಸಂಗೀತ ಕೇಳಿಸಿ, ಬುದ್ಧಿ ಚುರುಕಾಗುತ್ತದೆ. ಇದನ್ನು ವಿಜ್ಞಾನಿಗಳೇ ಸಾಬೀತುಪಡಿಸಿದ್ದಾರೆ’ ಎಂಬ ಮಾತನ್ನು ನೀವೂ ಕೇಳಿರಬಹುದು. ಮೂಲ ಪ್ರಯೋಗದಲ್ಲಿ ನಿಜಕ್ಕೂ ಏನಿತ್ತು ಎಂದು ನೋಡೋಣ.

ಪ್ರಯೋಗ ನಡೆದದ್ದು ಯಾರ ಮೇಲೆ?
1993ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರಾನ್ಸಿಸ್ ರೌಷರ್ ಮತ್ತು ಸಂಗಡಿಗರು 36 ಕಾಲೇಜು ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. ಅವರಲ್ಲಿ ಒಂದು ಮಗುವೂ ಇರಲಿಲ್ಲ. ವಿದ್ಯಾರ್ಥಿಗಳು 10 ನಿಮಿಷ ಮೊಜಾರ್ಟ್ ಸಂಗೀತ ಕೇಳಿದರು, ಇನ್ನೊಮ್ಮೆ ಮೈಮನ ಸಡಿಲಗೊಳಿಸುವ ಸೂಚನೆಗಳ ಟೇಪ್ ಕೇಳಿದರು, ಮತ್ತೊಮ್ಮೆ ಸುಮ್ಮನೆ ಕುಳಿತರು. ಸಂಗೀತದ ನಂತರ, ಆಕಾರಗಳನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುವ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂತು. ಆದರೆ ಆ ಪರಿಣಾಮ ಉಳಿದದ್ದು 10-15 ನಿಮಿಷ ಮಾತ್ರ.

ಹೋಲಿಸಿದ್ದು ಯಾವುದರ ಜೊತೆ?
ಸುಮ್ಮನೆ ಕುಳಿತವರಿಗೆ ಬೇಸರವೋ ತೂಕಡಿಕೆಯೋ ಬರುವುದು ಸಹಜ. ಹಾಗಾದರೆ ಅಂಕ ಹೆಚ್ಚಿಸಿದ್ದು ಮೊಜಾರ್ಟೋ, ಮನಸ್ಸಿನ ಉಲ್ಲಾಸವೋ? 1999ರಲ್ಲಿ ಕೆನಡಾದ ಸಂಶೋಧಕರು ಮೌನದ ಬದಲು ಸ್ಟೀಫನ್ ಕಿಂಗ್ ಕಥೆಯೊಂದನ್ನು ಕೇಳಿಸಿದರು. ಆಗ ಮೊಜಾರ್ಟ್‌ನ ಮೇಲುಗೈ ಮಾಯವಾಯಿತು! ಸಂಗೀತ ಇಷ್ಟಪಟ್ಟವರು ಸಂಗೀತದ ನಂತರ, ಕಥೆ ಇಷ್ಟಪಟ್ಟವರು ಕಥೆಯ ನಂತರ ಚೆನ್ನಾಗಿ ಮಾಡಿದರು.

ಅಷ್ಟರಲ್ಲಿ ಸುದ್ದಿ ಎಷ್ಟು ಹಬ್ಬಿತ್ತೆಂದರೆ, 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್ ಝೆಲ್ ಮಿಲ್ಲರ್ ನವಜಾತ ಶಿಶುಗಳಿಗೆ ಸಂಗೀತ ಹಂಚಲು 1,05,000 ಡಾಲರ್ ಕೇಳಿದ್ದರು.

ನಮ್ಮ ತೀರ್ಮಾನ
ಈ ಪ್ರಯೋಗ ಮಕ್ಕಳ ಬುದ್ಧಿಯ ಬಗ್ಗೆ ಏನನ್ನೂ ಸಾಬೀತುಪಡಿಸಿಲ್ಲ. ಸಂಗೀತ ಖುಷಿಗಾಗಿ ಕೇಳಿಸಿ, ಜೋಗುಳವನ್ನೂ ಹಾಡಿ. ಮೊಜಾರ್ಟ್ ಕೇಳಿಸಲಿಲ್ಲವೆಂದು ಯಾವ ತಾಯಿಯೂ ಕೊರಗಬೇಕಿಲ್ಲ. ‘ಸಂಶೋಧನೆ ಹೇಳುತ್ತದೆ’ ಎಂಬ ಫಾರ್ವರ್ಡ್ ಬಂದರೆ, ಹಂಚುವ ಮುನ್ನ ಮೂರು ಪ್ರಶ್ನೆ ಕೇಳಿ: ಯಾರ ಮೇಲೆ ಮಾಡಿದರು? ಯಾವುದಕ್ಕೆ ಹೋಲಿಸಿದರು? ಪರಿಣಾಮ ಎಷ್ಟು ಹೊತ್ತು ಉಳಿಯಿತು?