ಸಾವಿರ ಗಂಟೆಯ ದೀಪ

ಜನಸಾಮಾನ್ಯರು ಕಂಪೆನಿಗಳ ಬಗ್ಗೆ ಏನು ಯೋಚಿಸುತ್ತಾರೆ ಎಂಬುದು ತಿಳಿಯಬೇಕಾದರೆ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಅರ್ಧ ಗಂಟೆ ಕುಳಿತರೆ ಸಾಕು. ಕಳೆದ ವಾರ ನಮ್ಮ ಮನೆಯ ಮಿಕ್ಸಿ ಕೈಕೊಟ್ಟಿತು. ಕೊಂಡು ಎರಡು ವರ್ಷವೂ ತುಂಬಿರಲಿಲ್ಲ. ಅಂಗಡಿಯವರು ಬಿಚ್ಚಿ ನೋಡಿ, "ಇದರ ಪಾರ್ಟು ಸಿಗೋದಿಲ್ಲ ಸಾರ್, ಹೊಸದೇ ತಗೊಳ್ಳಿ. ಬೇಗ ಕೆಡಲಿ ಅಂತಲೇ ಈಗ ಹಿಂಗೆ ಮಾಡ್ತಾರೆ" ಎಂದರು. ಇಸ್ತ್ರಿಪೆಟ್ಟಿಗೆ ಹಿಡಿದು ಪಕ್ಕದಲ್ಲಿ ಕಾಯುತ್ತಿದ್ದ ಹಿರಿಯರೊಬ್ಬರು ದನಿಗೂಡಿಸಿದರು: "ಕಂಪೆನಿಯವರೆಲ್ಲ ಒಳಗೊಳಗೇ ಒಂದೇ ಕಣಪ್ಪ. ನಾವು ನೀವು ಏನು ಮಾಡೋಕಾಗುತ್ತೆ?"

ಈ ಮಾತಿನಲ್ಲಿ ಮೂರು ಆರೋಪಗಳಿವೆ. ಬೇಕೆಂದೇ ಬೇಗ ಕೆಡುವಂತೆ ಮಾಡುತ್ತಾರೆ ಎಂಬುದು ಒಂದು. ಕಂಪೆನಿಗಳು ಒಳಗೊಳಗೇ ಕೈಜೋಡಿಸಿವೆ ಎಂಬುದು ಎರಡು. ಏನೂ ಮಾಡಲಾಗದು ಎಂಬುದು ಮೂರು. ಇದು ಬರೀ ಗೊಣಗಾಟವೇ, ಅಥವಾ ಇದರಲ್ಲಿ ಹುರುಳಿದೆಯೇ? ಮೂರನ್ನೂ ಒರೆಗೆ ಹಚ್ಚಿ ನೋಡಲು ಇತಿಹಾಸದಲ್ಲಿ ಒಂದು ಉದಾಹರಣೆಯಿದೆ. ಅದು ನಮ್ಮೆಲ್ಲರ ಮನೆಯಲ್ಲಿ ಒಮ್ಮೆ ಉರಿಯುತ್ತಿದ್ದ ಬುರುಡೆ ಬಲ್ಬಿನ ಕಥೆ.

ಜಿನೀವಾದ ಒಪ್ಪಂದ

1924ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಪ್ರಪಂಚದ ದೊಡ್ಡ ಬಲ್ಬ್ ತಯಾರಕರು ಸೇರಿದರು. ಜರ್ಮನಿಯ ಓಸ್ರಾಂ, ಹಾಲೆಂಡಿನ ಫಿಲಿಪ್ಸ್, ಫ್ರಾನ್ಸಿನ ಕಂಪೆನಿ ದೆ ಲಾಂಪ್ ಅವರಲ್ಲಿ ಮುಖ್ಯರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ತನ್ನ ವಿದೇಶಿ ಅಂಗಸಂಸ್ಥೆಗಳ ಮೂಲಕ ಜೊತೆಗೂಡಿತು. ಕೂಟಕ್ಕೆ ಗ್ರೀಕರ ಬೆಳಕಿನ ದೇವತೆಯ ಹೆಸರನ್ನೇ ಇಟ್ಟರು: ಫೀಬಸ್. ಯಾವ ದೇಶದ ಮಾರುಕಟ್ಟೆ ಯಾರಿಗೆ, ಯಾರು ಎಷ್ಟು ಮಾರಬೇಕು ಎಂಬುದನ್ನು ಅವರು ತಮ್ಮತಮ್ಮೊಳಗೇ ಹಂಚಿಕೊಂಡರು.

ಇನ್ನೊಂದು ತೀರ್ಮಾನ ಬಲ್ಬಿನ ಆಯುಷ್ಯದ್ದು. ಅಂದಿನ ಬಲ್ಬುಗಳು ಸಾಮಾನ್ಯವಾಗಿ 1,500ರಿಂದ 2,500 ಗಂಟೆ ಉರಿಯುತ್ತಿದ್ದವು. ಅದನ್ನು 1,000 ಗಂಟೆಗೆ ಇಳಿಸಬೇಕೆಂದು ಒಪ್ಪಂದವಾಯಿತು. ಕಾರ್ಖಾನೆಗಳು ತಮ್ಮ ಬಲ್ಬುಗಳ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಗೊತ್ತುಪಡಿಸಿದ ಅವಧಿಗಿಂತ ಬಹಳ ಹೆಚ್ಚು ಉರಿದರೆ ತಯಾರಿಸಿದವರಿಗೇ ದಂಡ! 1926ರಲ್ಲಿ ಸರಾಸರಿ 1,800 ಗಂಟೆಯಿದ್ದ ಆಯುಷ್ಯ 1933-34ರ ಹೊತ್ತಿಗೆ ಸುಮಾರು 1,200 ಗಂಟೆಗೆ ಇಳಿಯಿತು. ದಿನಕ್ಕೆ ಮೂರು ಗಂಟೆ ಉರಿಸುವ ಮನೆಯಲ್ಲಿ 1,800 ಗಂಟೆ ಎಂದರೆ ಇಪ್ಪತ್ತು ತಿಂಗಳು. 1,000 ಗಂಟೆ ಎಂದರೆ ಹನ್ನೊಂದು ತಿಂಗಳು.

ಅಂದರೆ ರಿಪೇರಿ ಅಂಗಡಿಯ ಮೊದಲ ಎರಡು ಆರೋಪಗಳು ಕಟ್ಟುಕಥೆಯಲ್ಲ. ಒಮ್ಮೆಯಾದರೂ ಅದು ಅಕ್ಷರಶಃ ನಡೆದಿದೆ.

ಕಥೆಯ ಇನ್ನೊಂದು ಮುಖ

ಆದರೆ ಇಲ್ಲೊಂದು ತಿರುವಿದೆ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಹೆಚ್ಚು ಕಾದಷ್ಟೂ ಬೆಳಕು ಹೆಚ್ಚು, ಬಿಳುಪೂ ಹೆಚ್ಚು. ಅದೇ ಕಾವಿಗೆ ತಂತಿ ಬೇಗ ಆವಿಯಾಗಿ ಸವೆಯುತ್ತದೆ. ಹಳೆಯ ಬಲ್ಬಿನ ಗಾಜಿನ ಒಳಗೆ ಕಪ್ಪು ಹಿಡಿಯುತ್ತಿದ್ದುದು ಈ ಕಾರಣಕ್ಕೇ. ಕಡಿಮೆ ಕಾಯಿಸಿದರೆ ಬಲ್ಬು ಬಹುಕಾಲ ಬಾಳುತ್ತದೆ, ಆದರೆ ಅದೇ ಕರೆಂಟಿಗೆ ಮಂಕು ಬೆಳಕು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಊರಿನ ಅಗ್ನಿಶಾಮಕ ಠಾಣೆಯಲ್ಲಿ 1901ರ ಬಲ್ಬೊಂದು ಶತಮಾನ ದಾಟಿ ಉರಿದು ಹೆಸರಾಗಿದೆ. ಅದರ ಬೆಳಕೋ, ನಮ್ಮ ಜೀರೋ ಕ್ಯಾಂಡಲ್ ಬಲ್ಬಿನಷ್ಟು!

ಅರವತ್ತು ವಾಟ್ ಬಲ್ಬು 1,000 ಗಂಟೆ ಉರಿದರೆ 60 ಯೂನಿಟ್ ಕರೆಂಟು ಬೇಕು. ಆ ಬಿಲ್ಲಿನ ಮುಂದೆ ಬಲ್ಬಿನ ಬೆಲೆ ಪುಡಿಗಾಸು. ಆದ್ದರಿಂದ ಬೇಗ ಹೋಗುವ, ಆದರೆ ಚೆನ್ನಾಗಿ ಬೆಳಗುವ ಬಲ್ಬೇ ಲೆಕ್ಕದಲ್ಲಿ ಅಗ್ಗವಾಗಬಹುದು. ಬ್ರಿಟನ್ನಿನ ಏಕಸ್ವಾಮ್ಯ ತನಿಖಾ ಆಯೋಗ 1951ರಲ್ಲಿ ಈ ಉದ್ಯಮದ ಒಳ ಒಪ್ಪಂದಗಳನ್ನು ಟೀಕಿಸಿತಾದರೂ 1,000 ಗಂಟೆ ಎಂಬುದು ಅಸಮಂಜಸವಲ್ಲವೆಂದೇ ಹೇಳಿತು.

ಹಾಗಾದರೆ ತಪ್ಪು ಎಲ್ಲಿ? ಆಯುಷ್ಯ ಬೇಕೋ ಬೆಳಕು ಬೇಕೋ ಎಂದು ಆರಿಸಬೇಕಾದವರು ಕೊಳ್ಳುವವರು. ಅವರನ್ನು ಕೇಳದೆ, ಅವರಿಗೆ ಹೇಳದೆ, ಪೈಪೋಟಿಯೇ ಇಲ್ಲದಂತೆ ಮಾಡಿಕೊಂಡು ತಯಾರಕರೇ ತೀರ್ಮಾನಿಸಿದರು. ಮೋಸವಿದ್ದದ್ದು ಗಂಟೆಯ ಲೆಕ್ಕಕ್ಕಿಂತ ಹೆಚ್ಚಾಗಿ ಮುಚ್ಚಿದ ಬಾಗಿಲಿನಲ್ಲಿ.

ಏನೂ ಆಗಲಿಲ್ಲವೇ?

ಇನ್ನು ಮೂರನೆಯ ಆರೋಪ. 1930ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಬಳಕೆದಾರರ ಸಹಕಾರ ಸಂಘಗಳು ಬಲ್ಬಿನ ದುಬಾರಿ ಬೆಲೆಯಿಂದ ಬೇಸತ್ತು ಸ್ಟಾಕ್‌ಹೋಮಿನಲ್ಲಿ 'ಲೂಮಾ' ಎಂಬ ತಮ್ಮದೇ ಕಾರ್ಖಾನೆ ತೆರೆದವು. ಬೆಲೆ ಇಳಿಯಿತು. 1955ರವರೆಗೆ ನಡೆಯಬೇಕಿದ್ದ ಫೀಬಸ್ ಕೂಟ 1939ರಲ್ಲಿ ಯುದ್ಧ ಆರಂಭವಾದಾಗ ಮುರಿದುಬಿತ್ತು. 1949ರಲ್ಲಿ ಅಮೆರಿಕದ ನ್ಯಾಯಾಲಯ ಜನರಲ್ ಎಲೆಕ್ಟ್ರಿಕ್ ಕಂಪೆನಿಯು ಬಲ್ಬಿನ ವ್ಯಾಪಾರದಲ್ಲಿ ಏಕಸ್ವಾಮ್ಯ ವಿರೋಧಿ ಕಾನೂನನ್ನು ಮುರಿದಿದೆಯೆಂದು ತೀರ್ಪಿತ್ತಿತು.

ನಮ್ಮಲ್ಲೂ ಬೆಳಕಿನದೇ ಉದಾಹರಣೆಯಿದೆ. ಎಲ್‌ಇಡಿ ಬಲ್ಬು ಒಂದು ಕಾಲಕ್ಕೆ ಉಳ್ಳವರ ಸೊತ್ತು. 2015ರಲ್ಲಿ ಆರಂಭವಾದ 'ಉಜಾಲಾ' ಯೋಜನೆಯಲ್ಲಿ ಸರ್ಕಾರಿ ಸಂಸ್ಥೆಯೇ ಕೋಟಿಗಟ್ಟಲೆ ಬಲ್ಬುಗಳಿಗೆ ಒಟ್ಟಿಗೆ ಟೆಂಡರ್ ಕರೆಯಿತು. ಕಂಪೆನಿಗಳು ಪೈಪೋಟಿಗೆ ಬಿದ್ದು ದರ ಇಳಿಸಿದವು. ಕರ್ನಾಟಕದಲ್ಲಿ 'ಹೊಸ ಬೆಳಕು' ಎಂಬ ಹೆಸರು ಪಡೆದ ಈ ಯೋಜನೆಯಡಿ ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬುಗಳು ಹಂಚಿಕೆಯಾದವು. ಹೊರದೇಶದ ಮಾತಾದರೆ, ಹಳೆಯ ಐಫೋನುಗಳ ವೇಗವನ್ನು ಗ್ರಾಹಕರಿಗೆ ತಿಳಿಸದೆ ತಗ್ಗಿಸಿದ್ದಕ್ಕೆ ಆಪಲ್ ಕಂಪೆನಿಗೆ ಫ್ರಾನ್ಸ್ 2020ರಲ್ಲಿ 2.5 ಕೋಟಿ ಯೂರೋ ದಂಡ ಹಾಕಿತು. ಫೋನುಗಳಿಗೆಲ್ಲ ಒಂದೇ ಬಗೆಯ ಚಾರ್ಜರ್ ಎಂಬ ಐರೋಪ್ಯ ಒಕ್ಕೂಟದ ನಿಯಮ 2024ರ ಡಿಸೆಂಬರಿನಲ್ಲಿ ಜಾರಿಗೆ ಬಂತು.

ಹಾಗೆಂದು ಎಲ್ಲವೂ ಸರಿಯಾಗಿದೆ ಎಂದಲ್ಲ. ಭಾರತದ ಸ್ಪರ್ಧಾ ಆಯೋಗ 2012ರಲ್ಲಿ ಸಿಮೆಂಟ್ ಕಂಪೆನಿಗಳಿಗೆ ಬೆಲೆ ಹೊಂದಾಣಿಕೆಯ ಆರೋಪದ ಮೇಲೆ 6 ಸಾವಿರ ಕೋಟಿ ರೂಪಾಯಿಗೂ ಮೀರಿ ದಂಡ ವಿಧಿಸಿತು. ಪ್ರಕರಣ ಮೇಲ್ಮನವಿಗಳಲ್ಲಿ ವರ್ಷಗಟ್ಟಲೆ ಸುತ್ತಿತು. ಇಂಥ ವಿಳಂಬವನ್ನು ಕಂಡ ಜನ ಕೈಚೆಲ್ಲಿದರೆ ಅವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಒಂದು ಮಾತು ಗಮನಿಸಬೇಕು. 'ಎಲ್ಲರೂ ಕಳ್ಳರೇ' ಎಂದುಕೊಂಡು ಸುಮ್ಮನಾಗುವ ಗ್ರಾಹಕನಿಂದ ಯಾವ ಕಂಪೆನಿಗೂ ತೊಂದರೆಯಿಲ್ಲ. ಸ್ವೀಡನ್ನಿನ ಜನರಿಗೂ ನಮ್ಮಷ್ಟೇ ಅನುಮಾನವಿತ್ತು. ಅದನ್ನು ಅವರು ಕಾರ್ಖಾನೆಯಾಗಿ ಬೆಳೆಸಿದರು.

ನಮ್ಮಲ್ಲಿ 2019ರ ಗ್ರಾಹಕ ರಕ್ಷಣಾ ಕಾಯ್ದೆಯಿದೆ, 1915 ಸಂಖ್ಯೆಯ ಸಹಾಯವಾಣಿಯಿದೆ. ಬಿಡಿಭಾಗ ಮತ್ತು ದುರಸ್ತಿಯ ಮಾಹಿತಿಗೆಂದೇ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ 'ದುರಸ್ತಿಯ ಹಕ್ಕು' ಜಾಲತಾಣ ತೆರೆದಿದೆ.

ನಮ್ಮ ಮಿಕ್ಸಿ ಇನ್ನೂ ಅಂಗಡಿಯಲ್ಲೇ ಇದೆ. ಬಿಡಿಭಾಗ ಕೇಳಿ ಕಂಪೆನಿಗೆ ಕಾಗದ ಬರೆದಿದ್ದೇನೆ. ಅಂಗಡಿಯವರಿಗೆ ಹೇಳಿದಾಗ ಅವರು ನಕ್ಕು, "ಉತ್ತರ ಬಂದರೆ ನನಗೂ ತೋರಿಸಿ ಸಾರ್" ಎಂದರು. ಆ ನಗುವಿನಲ್ಲಿ ವ್ಯಂಗ್ಯವಿತ್ತು. ಆದರೂ ಅವರು ಮಿಕ್ಸಿಯನ್ನು ಗುಜರಿಗೆ ಹಾಕದೆ, ಹೆಸರು ಬರೆದ ಚೀಟಿ ಅಂಟಿಸಿ ಮೇಲಿನ ಹಲಗೆಯಲ್ಲಿ ಎತ್ತಿಟ್ಟರು.